ಪ್ಲೀಸಮ್ಮ

ಆ ಭಾನುವಾರ ಲತಾಮಣಿ ಹಾಲಿನ ಡೈರಿಗೆ ಹೋಗಬೇಕಾಗಿ ಬಂದದ್ದು ಒಂದು ತೆಂಗಿನ ಚಿಪ್ಪಿನ ದೆಸೆಯಿಂದ. ಹಿಂದಿನ ಸಂಜೆ ಅತ್ತೆ ಸರಸಮ್ಮ ಕೊಟ್ಟಿಗೆಯಿಂದ ಹೊರಗೆ ಬರುವಾಗ ಅದರ ಮೇಲೆ ಕಾಲಿಟ್ಟು, ಪಾದ ಹೊರಳಿ ಬಿದ್ದಿದ್ದರು. ಬೆಳಗಾಗುವ ಹೊತ್ತಿಗೆ ಕಾಲು ಬಾತುಕೊಂಡು ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ತೆಂಗಿನಕಾಯಿ ಲೋಡಿನ ಜೊತೆ ತಿಪಟೂರಿಗೆ ಹೋದ ಲತಾಮಣಿಯ ಗಂಡ ಇನ್ನೂ ಬಂದಿರಲಿಲ್ಲ. ಆದರೂ ಸರಸಮ್ಮ ಗೋಡೆ ಹಿಡಿದುಕೊಂಡು ಎದ್ದು, ಹಾಲಿನ ಕ್ಯಾನಿಗೆ ಕೈ ಹಾಕಿದ್ದರು.

"ನೀನು ಕೂತ್ಕೊ ಮಗ. ಇವತ್ತು ಆ ಕಂಪ್ಯೂಟರ್ ಕೆಲ್ಸ ಐತೆ ಅಂದಿದ್ದೆ. ನಾನು ಕುಂಟ್ಕಂಡೇ ಓಗ್ಬುಟ್ಟು ಬತ್ತೀನಿ."

"ಕುಂಟ್ಕಂಡು ಹೋದ್ರೆ ಹಾಲು ದಾರೀಲೇ ಮಜ್ಜಿಗೆ ಆಗುತ್ತೆ ಅತ್ತೆ. ಕೊಡಿ ಇಲ್ಲಿ," ಎಂದು ಲತಾಮಣಿ ಕ್ಯಾನು ಕಿತ್ತುಕೊಂಡಳು.

ಸರಸಮ್ಮ ನಗುತ್ತ ಜಗುಲಿಯ ಮೇಲೆ ಕೂತರು. "ಚಲುವಯ್ಯ ಕೇಳಿದ್ರೆ ನನ್ ಕಾಲಿನ ಕತೆ ಏಳ್ಬೇಡ. ಸೋಲೂರು ಸಂತೆವರ್ಗೂ ಸಾರ್ಕಂಡು ಬತ್ತಾನೆ. ಆಮೇಲೆ, ಪ್ಲೀಸಮ್ಮ ಎಷ್ಟು ಅಂದ್ಲು ಅಂತ ಸರ್ಯಾಗಿ ಕೇಳಿಸ್ಕಂಡು ಬಾ."

ಈ ಪ್ಲೀಸಮ್ಮನ ಹೆಸರನ್ನು ಲತಾಮಣಿ ಮನೆಯಲ್ಲಿ ಆಗಾಗ ಕೇಳಿದ್ದಳು. ಪ್ಲೀಸಮ್ಮ ಇವತ್ತು ಫ್ಯಾಟ್ ಕಮ್ಮಿ ಅಂದ್ಲು, ಪ್ಲೀಸಮ್ಮಂಗೆ ಕರೆಂಟ್ ಇಲ್ದೆ ಬಾಯೇ ಬರ್ಲಿಲ್ಲ, ಹೀಗೆಲ್ಲ. ಡೈರಿಯಲ್ಲಿ ಹೊಸದಾಗಿ ಸೇರಿದ ಯಾರೋ ಪ್ರೇಮಮ್ಮನೋ ಪುಷ್ಪಮ್ಮನೋ ಇರಬೇಕು, ಊರವರು ಅಡ್ಡಹೆಸರು ಇಟ್ಟಿದ್ದಾರೆ ಎಂದುಕೊಂಡು ಸುಮ್ಮನಿದ್ದಳು. ಹೆಚ್ಚು ಕೇಳಲು ಅವಳಿಗೆ ಪುರುಸೊತ್ತೂ ಇರಲಿಲ್ಲ.

ಲತಾಮಣಿ ಮಾಗಡಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಾಳೆ. ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುತ್ತಾಳೆ. ಅದು ಹೊಟ್ಟೆಪಾಡು. ಮನಸ್ಸಿನ ಪಾಡು ಬೇರೆಯೇ ಇತ್ತು. ಕಂಪ್ಯೂಟರಿಗೆ ಇಂಥದ್ದು ಮಾಡು ಎಂದು ಹೇಳಲು ಜನ ಕಟ್ಟಿಕೊಂಡ ಭಾಷೆಗಳು ಹಲವಾರಿವೆಯಲ್ಲ, ಅವುಗಳಲ್ಲಿ ಪೆಬಲ್ ಎಂಬುದೊಂದು. ಅದಕ್ಕೆ ಯಜಮಾನರಿಲ್ಲ, ಸಂಬಳವಿಲ್ಲ. ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಬಹುದು, ಬಿಚ್ಚಿ ನೋಡಬಹುದು, ಹರಿದಲ್ಲಿ ಹೊಲಿಗೆ ಹಾಕಬಹುದು. ದೇಶದೇಶಗಳಲ್ಲಿ ಕೂತ ಒಂದಷ್ಟು ಜನ ಬಿಡುವಿನ ವೇಳೆಯಲ್ಲಿ ಊರೊಟ್ಟಿನ ಕೆಲಸದ ಹಾಗೆ ಅದನ್ನು ನೋಡಿಕೊಳ್ಳುತ್ತಾರೆ. ಒಬ್ಬರು ಬದಲಾವಣೆ ಬರೆದರೆ ಇನ್ನೊಬ್ಬರು ತಿದ್ದಲೇಬೇಕು. ಇಬ್ಬರ ಕಣ್ಣಿಗೆ ಬೀಳದ ಒಂದು ಸಾಲೂ ಒಳಕ್ಕೆ ಹೋಗುವಂತಿಲ್ಲ. ಅಂಥವರಲ್ಲಿ ಲತಾಮಣಿಯೂ ಒಬ್ಬಳಾಗಿ ಹಲವು ವರ್ಷಗಳಾಗಿದ್ದವು. ಬೆಳಿಗ್ಗೆ ಬಸ್ಸಿಗೆ ಮುಂಚೆ, ರಜೆಯ ದಿನ ತಿಂಡಿಗೆ ಮುಂಚೆ ಅವಳು ಕಂಪ್ಯೂಟರಿನ ಮುಂದೆ ಕೂತರೆ ಸರಸಮ್ಮ ಮಿಕ್ಸಿ ಹಾಕುತ್ತಿರಲಿಲ್ಲ. ಚಟ್ನಿಯನ್ನು ಹಿತ್ತಲಿನ ಒರಳಲ್ಲಿ ರುಬ್ಬಿಕೊಳ್ಳುತ್ತಿದ್ದರು. ಹಾಲಿನ ಕ್ಯಾನನ್ನು ಬಾಗಿಲಿಗೆ ತಗಲದ ಹಾಗೆ ಎತ್ತಿಕೊಂಡು ತಾವೇ ಡೈರಿಗೆ ನಡೆಯುತ್ತಿದ್ದರು. ಹೀಗೆ ಅತ್ತೆಯ ಕರುಣೆಯಿಂದಲೇ ಲತಾಮಣಿ ಡೈರಿಯ ಮುಖ ನೋಡಿ ಒಂದೆರಡು ವರ್ಷವೇ ಆಗಿತ್ತು.

ಅವತ್ತು ಸಂಜೆ ಪೆಬಲ್‌ನ ಹೊಸ ಆವೃತ್ತಿ ಲೋಕಕ್ಕೆಲ್ಲ ಬಿಡುಗಡೆಯಾಗುವುದಿತ್ತು. ಅದರಲ್ಲಿ ಲತಾಮಣಿಯ ಒಂದು ದೊಡ್ಡ ಕೆಲಸವೂ ಇತ್ತು. ಆ ಗೆಲುವಿನಲ್ಲೇ ಅವಳು ಕ್ಯಾನು ಹಿಡಿದು ನಡೆದಳು.

ಡೈರಿಯ ಮುಂದೆ ಸಾಲು ನಿಂತಿತ್ತು. ಒಳಗೆ ಮೇಜಿನ ಮೇಲೆ ಹಾಲು ಅಳೆಯುವ ಯಂತ್ರ, ಅದರ ಪಕ್ಕದಲ್ಲಿ ಹಳದಿ ಬಣ್ಣಕ್ಕೆ ತಿರುಗಿದ ಒಂದು ಹಳೇ ಕಂಪ್ಯೂಟರು. ಅದರ ತಲೆಯ ಮೇಲೆ ಅಂಗೈಯಗಲದ ಸ್ಪೀಕರು. ಸ್ಪೀಕರಿಗೆ ಯಾರೋ ಒಂದು ಕನಕಾಂಬರದ ತುಣುಕು ಸಿಕ್ಕಿಸಿದ್ದರು. ಸೆಕ್ರೆಟರಿ ಚಲುವಯ್ಯ ಹಾಲು ಸುರಿದುಕೊಂಡು ಗುಂಡಿ ಒತ್ತುತ್ತಿದ್ದ.

ಲತಾಮಣಿಯ ಮುಂದೆ ಹುಚ್ಚಯ್ಯ ನಿಂತಿದ್ದರು. ಕುರಿ ಸಾಕಿ ಹೊಲ ಮಾಡಿದ ಮುದುಕರು. ಈಗ ಎರಡೂ ಕಣ್ಣು ಮಂಜು. ಅವರ ಹಾಲು ಸುರಿದದ್ದೇ ಸ್ಪೀಕರು ಒಂದು ಸಲ ಕೆಮ್ಮಿದ ಹಾಗೆ ಸದ್ದು ಮಾಡಿ, ಹೆಣ್ಣು ದನಿಯಲ್ಲಿ ಹೇಳಿತು: "ಹುಚ್ಚಯ್ಯ. ಮೂರು ಲೀಟರ್ ಇನ್ನೂರು. ಫ್ಯಾಟ್ ನಾಲ್ಕು ಪಾಯಿಂಟ್ ಎರಡು."

ಇದು ಚೆನ್ನಾಗಿದೆಯಲ್ಲ ಎಂದು ಲತಾಮಣಿ ಅಂದುಕೊಳ್ಳುವಷ್ಟರಲ್ಲಿ ಆ ದನಿ ಮುಂದುವರಿಸಿತು. ಇಂಗ್ಲಿಷನ್ನು ಕನ್ನಡದ ನಾಲಿಗೆಯಲ್ಲೇ, ನಿಧಾನವಾಗಿ, ಒಂದೊಂದೇ ಮಾತಾಗಿ.

"ದಿಸ್ ಪಾರ್ಟ್ ವಿಲ್ ಗೋ ಅವೇ ಸೂನ್. ಇಫ್ ಯೂ ಸ್ಟಿಲ್ ಯೂಸ್ ಇಟ್, ಪ್ಲೀಸ್ ಟೆಲ್ ಅಸ್."

ಹುಚ್ಚಯ್ಯ ಹೆಗಲ ಮೇಲಿನ ಟವೆಲನ್ನು ತೆಗೆದು ಕಂಕುಳಿಗೆ ಇಟ್ಟುಕೊಂಡರು. ಸ್ಪೀಕರು ಇದ್ದ ಕಡೆಗೆ ಅಂದಾಜಿನಲ್ಲಿ ಮುಖ ತಿರುಗಿಸಿ, ಮನೆಯವರಿಗೆ ಹೇಳುವಂತೆ ಹೇಳಿದರು: "ಆಗ್ಲಿ ಕಣವ್ವ, ನಾಳೀಕೂ ಬತ್ತೀನಿ."

ಲತಾಮಣಿ ಬೆಚ್ಚಿ ಸ್ಪೀಕರಿನತ್ತ ನೋಡಿದಳು. ಕಿವಿ ಸುಳ್ಳು ಹೇಳುತ್ತಿದೆ ಎಂದುಕೊಂಡಳು. ಅವಳ ಸರದಿ ಬಂತು. ಚಲುವಯ್ಯ ಕ್ಯಾನು ತೆಗೆದುಕೊಂಡು ಸುರಿದ. "ಸರಸಮ್ಮ. ನಾಲ್ಕು ಲೀಟರ್ ನೂರು. ಫ್ಯಾಟ್ ನಾಲ್ಕು ಪಾಯಿಂಟ್ ಒಂದು," ಎಂದಿತು ದನಿ. ಆಮೇಲೆ ಅದೇ ಮಾತು. ಒಂದಕ್ಷರವೂ ಆಚೀಚೆಯಾಗದ ಅದೇ ಎರಡು ವಾಕ್ಯ.

ಅವು ಲತಾಮಣಿಯ ವಾಕ್ಯಗಳು. ಅವಳೇ ಬರೆದದ್ದು. ಈ ಭಾಗವನ್ನು ಬೇಗನೆ ತೆಗೆದುಹಾಕಲಾಗುವುದು. ನೀವು ಇನ್ನೂ ಇದನ್ನು ಬಳಸುತ್ತಿದ್ದರೆ ದಯವಿಟ್ಟು ನಮಗೆ ತಿಳಿಸಿ. ಇದೇ ಊರಿನ ತನ್ನ ಮನೆಯ ಕಿಟಕಿಯ ಪಕ್ಕ ಕೂತು, ಅತ್ತೆ ಹಿತ್ತಲಲ್ಲಿ ಚಟ್ನಿ ರುಬ್ಬುವಾಗ ಬರೆದದ್ದು.

"ಮುಂದಕ್ಕೆ ಓಗವ್ವ, ಟ್ಯಾಂಕರ್ ಬತ್ತದೆ," ಎಂದಿತು ಹಿಂದಿನಿಂದ ಒಂದು ಗಂಟಲು.

"ನಿಂತ್ಬುಟ್ಲಲ್ಲ, ಫ್ಯಾಟ್ ಕಮ್ಮಿ ಆಯ್ತು ಅಂತಲೇನೋ. ಸರಸಕ್ಕ ಒಸಿ ನೀರು ಸೋಕ್ಸವ್ಳೆ ಕಣ್ರಲಾ," ಎಂದಿತು ಇನ್ನೊಂದು. ಸಾಲು ನಕ್ಕಿತು.

"ಸುಮ್ಕಿರ್ರಲಾ," ಎಂದ ಚಲುವಯ್ಯ. ಲತಾಮಣಿಯ ಮುಖ ನೋಡಿ ಅವನ ದನಿ ಇಳಿಯಿತು. "ಯಾಕವ್ವ, ನಾಕೊಂದು ಒಳ್ಳೇ ಫ್ಯಾಟೇ. ಬಾ, ಈ ಕಡೆ ಕೂತ್ಕೊ. ನೀರು ಬೇಕಾ?" ಎಂದು ತನ್ನ ಸ್ಟೂಲನ್ನೇ ಕಾಲಿನಿಂದ ಅವಳತ್ತ ಸರಿಸಿ, ತಾನು ನಿಂತೇ ಗುಂಡಿ ಒತ್ತತೊಡಗಿದ.

ಲತಾಮಣಿ ಕೂತಳು. ಒಬ್ಬೊಬ್ಬರ ಹಾಲಿಗೂ ಆ ದನಿ ಕೇಳುತ್ತಲೇ ಇತ್ತು: ದಯವಿಟ್ಟು ನಮಗೆ ತಿಳಿಸಿ. ಒಬ್ಬಾಕೆ "ಊಂ" ಎಂದು ಹೋದಳು. ಒಬ್ಬ ಕ್ಯಾನಿನ ಮುಚ್ಚಳ ತಟ್ಟಿ ಹೋದ. ಯಾರೋ ಮೊಮ್ಮಗಳು "ಪ್ಲೀಸ್ ಟೆಲ್ ಅಸ್" ಎಂದು ಅಣಕಿಸಿ ಅಜ್ಜಿಯಿಂದ ಮೊಟಕಿಸಿಕೊಂಡಳು. ಪ್ಲೀಸಮ್ಮ ಯಾರೆಂದು ಲತಾಮಣಿಗೆ ಆಗ ತಿಳಿಯಿತು.

ನಡೆದದ್ದು ಇಷ್ಟು. ಪೆಬಲ್‌ನಲ್ಲಿ ಸದ್ದನ್ನು ಸ್ಪೀಕರಿಗೆ ದಾಟಿಸುವ ಒಂದು ಹಳೆಯ ಭಾಗವಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವರು ಪೋಲೆಂಡಿನ ಮಾರೆಕ್. ರೇಡಿಯೋ ರಿಪೇರಿ ಮಾಡಿ ನಿವೃತ್ತರಾದವರು. ಈಚೆಗೆ ಅವರ ಕೈ ನಡುಗಲು ಶುರುವಾಗಿತ್ತು. ಒಂದು ಸಾಲು ಟೈಪು ಮಾಡಲು ಬಹಳ ಹೊತ್ತು ಬೇಕಾಗುತ್ತದೆ, ಇದನ್ನು ಯಾರಾದರೂ ನನ್ನ ತಲೆಯಿಂದ ಇಳಿಸಿಕೊಂಡರೆ ಉಪಕಾರವಾಗುತ್ತದೆ ಎಂದು ಅವರು ಬರೆದಿದ್ದರು. ಯಾರೂ ಮುಂದೆ ಬರಲಿಲ್ಲ. ಪಾಲಕರಿಲ್ಲದ ಭಾಗವನ್ನು ಪೆಬಲ್‌ನಲ್ಲಿ ಉಳಿಸುವಂತಿಲ್ಲ. ಕಾಯುವವರಿಲ್ಲದ ಬಾಗಿಲಿನಿಂದ ಕಳ್ಳರು ಬರುತ್ತಾರೆ ಎಂಬುದು ಅವರ ನಿಯಮ. ಈಗ ಸದ್ದಿಗೆ ಹೊಸ ದಾರಿಗಳು ಬಂದಿದ್ದವು. ಹಳೆಯದನ್ನು ತೆಗೆದುಬಿಟ್ಟರೆ ಆ ಮುದುಕರಿಗೆ ವಿಶ್ರಾಂತಿ ಸಿಗುತ್ತದೆ ಎಂದು ಲತಾಮಣಿಯೇ ಆ ಕೆಲಸವನ್ನು ಹೊತ್ತಳು.

ಅವಸರ ಮಾಡಿರಲಿಲ್ಲ. ಲೋಕದಲ್ಲಿ ಪೆಬಲ್‌ನಲ್ಲಿ ಬರೆದು ಎಲ್ಲರಿಗೂ ಕಾಣುವಂತೆ ಇಟ್ಟಿದ್ದ ಪ್ರೋಗ್ರಾಮುಗಳನ್ನೆಲ್ಲ ಜಾಲಾಡಿದ್ದಳು. ಆ ಭಾಗವನ್ನು ಬಳಸುವವರು ಒಬ್ಬರೂ ಸಿಗಲಿಲ್ಲ. ಆದರೂ, ಬಳಸಿದ ಕೂಡಲೇ ಪರದೆಯ ಮೇಲೆ ಒಂದು ಎಚ್ಚರಿಕೆ ಕಾಣಿಸಲಿ ಎಂದು ಆ ಎರಡು ವಾಕ್ಯ ಬರೆದಳು; ಎಲ್ಲರೂ ಒಂದು ವರ್ಷ ಕಾದರು. ಅವಳು ಬರೆದದ್ದರಲ್ಲಿ 'ಪ್ಲೀಸ್' ಇರಲಿಲ್ಲ. ತಿದ್ದಿದ ಮಾರೆಕ್ ಅದೊಂದನ್ನು ಸೇರಿಸಿ, ಪಕ್ಕದಲ್ಲಿ "ಓದುವವರು ಯಾರೋ ನಮಗೆ ಗೊತ್ತಿಲ್ಲವಲ್ಲ" ಎಂದು ಬರೆದಿದ್ದರು. ವರ್ಷ ಕಳೆದರೂ ಯಾರೂ ಏನೂ ಹೇಳಲಿಲ್ಲ. ತಕರಾರಿಗೆ ಕೊಟ್ಟ ಕೊನೆಯ ಗಡುವೂ ಶುಕ್ರವಾರ ಮುಗಿದಿತ್ತು. 'ಬಳಸುವವರು ಯಾರೂ ಇಲ್ಲ' ಎಂದು ಲತಾಮಣಿ ಷರಾ ಬರೆದಿದ್ದಳು.

ಸಾಲು ಕರಗಿತು. "ಈ ಪ್ರೋಗ್ರಾಂ ಬರೆದವರು ಯಾರು ಚಲುವಯ್ಯ?" ಎಂದು ಅವಳು ಕೇಳಿದಳು.

"ಇನ್ಯಾರು, ನಮ್ಮ ದೇವರಾಜ. ಹಾರೋಹಳ್ಳಿ ಫ್ಯಾಕ್ಟ್ರೀಲವ್ನಲ್ಲ, ಹುಚ್ಚಯ್ಯನ ಸೋದರಳಿಯ. ಭಾನುವಾರ ಊರಲ್ಲೇ ಇರ್ತಾನೆ. ಅಗೋ, ಟೀ ಕುಡೀತಾವ್ನೆ ನೋಡು. ಏ ದೇವರಾಜ, ಬಾರ್ಲಾ ಇಲ್ಲಿ. ಮೇಡಮ್ಮೋರು ಕರೀತಾವ್ರೆ."

ದೇವರಾಜ್ ಟೀ ಲೋಟ ಹಿಡಿದೇ ಬಂದ. ಮೂವತ್ತರ ಆಸುಪಾಸಿನವನು. ಕಾರ್ಖಾನೆಯಲ್ಲಿ ಯಾರೋ ಬಿಸಾಕಿದ ಕಂಪ್ಯೂಟರನ್ನು ಬೇಡಿ ತಂದು, ಮೊಬೈಲಿನಲ್ಲಿ ನೋಡಿ ಪೆಬಲ್ ಕಲಿತು, ಡೈರಿಗೆ ಇದನ್ನು ಮಾಡಿಕೊಟ್ಟಿದ್ದ. ಪರದೆಯ ಮೇಲೆ ಏನು ಮೂಡಿದರೂ ಗಟ್ಟಿಯಾಗಿ ಓದುವಂತೆ ಮಾಡಿದ್ದ. ಅದರಿಂದ ಎಚ್ಚರಿಕೆಯ ಮಾತೂ ಹಾಲಿನ ಲೆಕ್ಕದ ಜೊತೆಗೇ ಹೊರಬೀಳುತ್ತಿತ್ತು.

"ಕೊನೇಲಿ ಬರೋ ಇಂಗ್ಲಿಷ್ ಏನು ಅಂತ ನಿಂಗೆ ಗೊತ್ತಾ ದೇವರಾಜ?"

"ಗೊತ್ತು ಲತಕ್ಕ. ಬಳಸ್ತಿದ್ರೆ ತಿಳಿಸಿ ಅಂತ."

"ಮತ್ತೆ ಯಾಕಪ್ಪ ತಿಳಿಸ್ಲಿಲ್ಲ?" ಅವಳಿಗರಿವಿಲ್ಲದೆ ದನಿ ಏರಿತು. "ಒಂದು ವರ್ಷ ಕಾದಿದೀವಿ. ಲೋಕದಲ್ಲಿ ಒಬ್ರೂ ಇಲ್ಲ ಅಂದ್ಕೊಂಡಿದೀವಿ."

ದೇವರಾಜ್ ಲೋಟದೊಳಗೆ ನೋಡಿದ. "ಅದು ದೊಡ್ಡ ದೊಡ್ಡ ಕಂಪ್ನಿಯೋರ್ಗೆ ಏಳದು ಅಂದ್ಕಂಡೆ ಅಕ್ಕ. ನಮ್ಮ ಡೈರೀನ ಯಾರು ಕೇಳ್ತಾರೆ?" ಆಮೇಲೆ ತಲೆ ಎತ್ತಿದ. "ನೀವು 'ಕಾದಿದೀವಿ' ಅಂದ್ರಲ್ಲ. ಕಾದೋರು ನೀವೇನಾ?"

ಲತಾಮಣಿ ಹೌದೆಂದು ತಲೆ ಆಡಿಸಿದಳು. ಇಬ್ಬರೂ ಒಂದೇ ಬೀದಿಯವರು. ಹಬ್ಬಕ್ಕೆ ಒಬ್ಬಟ್ಟು ಕೊಟ್ಟು ತೆಗೆದುಕೊಳ್ಳುವ ಮನೆಗಳು.

"ಆ ಇಂಗ್ಲಿಷ್ ಮಾತಿನ ಬಾಯಿ ಒಂದ್ಸಲ ಮುಚ್ಸಿದ್ದೆ ಅಕ್ಕ," ಎಂದ ಅವನು, ತಪ್ಪೊಪ್ಪಿಕೊಳ್ಳುವವನ ಹಾಗೆ. "ಎರಡೇ ದಿನ. ಹುಚ್ಚಯ್ಯ ಮಾವ ಬಂದು, ಅವಳಿಗೆ ನನ್ ಮ್ಯಾಲೆ ಏನ್ಲಾ ಕ್ವಾಪ, ಲೆಕ್ಕ ಮಾತ್ರ ಏಳಿ ಸುಮ್ಕಾಯ್ತಾಳೆ ಅಂದ. ಅದ್ಕೇ ಮತ್ತೆ ಮಾತಾಡಕ್ಕೆ ಬುಟ್ಟೆ."

"ಹೊಸ ಆವೃತ್ತಿ ಬಂದ್ರೆ ಈ ಕಂಪ್ಯೂಟ್ರು ಏನು ಮಾಡುತ್ತೆ?"

"ತಾನೇ ಇಳಿಸ್ಕಂತದೆ. ಹಾಗೇ ಮಾಡಿಟ್ಟಿವ್ನಿ, ವಾರವೆಲ್ಲ ನಾನಿರಲ್ವಲ್ಲ. ಹೊಸ ಥರದ ಸದ್ದು ಇದ್ರಲ್ಲಿ ಆಗಕಿಲ್ಲ ಅಕ್ಕ, ಟ್ರೈ ಮಾಡಿವ್ನಿ. ಬಲು ಹಳೇದು."

ಅಂದರೆ ನಾಳೆ ಬೆಳಿಗ್ಗೆಯಿಂದ ಪ್ಲೀಸಮ್ಮನಿಗೆ ಬಾಯಿಲ್ಲ. ಅದನ್ನು ಮುಚ್ಚುವ ಕೈ ತನ್ನದೇ. ಲತಾಮಣಿ ಖಾಲಿ ಕ್ಯಾನು ಎತ್ತಿಕೊಂಡು ಹೊರಟಳು. ದಾರಿಯಲ್ಲಿ ಯಾರು ಮಾತಾಡಿಸಿದರು, ತಾನೇನು ಹೇಳಿದಳು ಒಂದೂ ಅವಳಿಗೆ ನೆನಪಿಲ್ಲ.

"ಎಷ್ಟಂದ್ಲು ಪ್ಲೀಸಮ್ಮ?" ಎಂದರು ಜಗುಲಿಯ ಮೇಲಿದ್ದ ಸರಸಮ್ಮ.

ಲತಾಮಣಿ ಅವರ ಪಕ್ಕ ಕೂತಳು. "ನಾಕೊಂದು ಅತ್ತೆ. ಆದ್ರೆ ನಾಳೆಯಿಂದ ಅವಳು ಮಾತಾಡಲ್ಲ. ಅವಳ ಬಾಯಿಗೆ ಬಟ್ಟೆ ತುರುಕಿದೋಳು ನಾನೇ," ಎಂದು, ತಿಳಿಯುವ ಹಾಗೆ ಎಲ್ಲವನ್ನೂ ಹೇಳಿದಳು.

ಸರಸಮ್ಮ ಬೈಯಲಿಲ್ಲ. ಬಾತ ಕಾಲನ್ನು ನೀವಿಕೊಂಡರು. "ಹುಚ್ಚಣ್ಣ ಮತ್ತೆ ಕೇಳ್ಬೇಕಾಯ್ತದಲ್ಲ," ಎಂದರು.

"ಏನು ಕೇಳಬೇಕು?"

"ನಂದೆಷ್ಟು ಬಂತಪ್ಪ, ನಂದೆಷ್ಟು ಬಂತವ್ವ ಅಂತ. ಕಣ್ಣು ಕಾಣದೋನು ಇನ್ನೇನ್ ಮಾಡ್ತಾನೆ? ಪಡ್ಡೆ ಐಕ್ಳು ತಮಾಸೆಗೆ, ನಿನ್ ಆಲು ಬರೀ ನೀರು ಕಣಜ್ಜ ಅಂತ ಅಂದ್ಬುಡೋವು. ಅವತ್ತು ಸಾಲು ಬುಟ್ಟು ಗ್ವಾಡೆ ಕಡೆ ಮಕ ಮಾಡ್ಕಂಡು ನಿಂತಿದ್ದ. ಪ್ಲೀಸಮ್ಮ ಬಂದ್ಮ್ಯಾಕೆ ಅವ್ನು ಯಾರ್ನೂ ಒಂದು ಮಾತು ಕೇಳಿಲ್ಲ ಕಣ್ ಮಗ. ಬತ್ತಾನೆ, ಕೇಳಿಸ್ಕತಾನೆ, ಅವಳಿಗೆ ಏಳ್ಬುಟ್ಟು ಓಯ್ತಾನೆ."

ಲತಾಮಣಿ ಒಳಗೆ ಹೋಗಿ ಸುಹಾನಾಳಿಗೆ ಫೋನು ಮಾಡಿದಳು. ಚನ್ನಪಟ್ಟಣದ ಸುಹಾನಾ ಪೆಬಲ್‌ನಲ್ಲಿ ಅವಳಿಗಿದ್ದ ಒಬ್ಬಳೇ ಹತ್ತಿರದ ಜೊತೆಗಾತಿ. ತಂದೆ ಸಮದ್ ಸಾಹೇಬರು ಬಣ್ಣದ ಮರದ ಗೊಂಬೆ ಮಾಡುವವರು. ಈ ಸಲದ ಬಿಡುಗಡೆಯ ಹೊಣೆ ಸುಹಾನಾಳದೇ.

"ಅಕ್ಕಾ, ಅರಗು ಹಾಕಿದ್ಮೇಲೆ ಮರ ಕಡೆಯೋಕೆ ಬಂದ್ರಂತೆ ಅಂತಾರೆ ನಮ್ಮ ಅಬ್ಬಾಜಾನ್," ಎಂದಳು ಸುಹಾನಾ ಅರ್ಧ ಕೇಳಿ. "ಗಡುವು ಮುಗಿದಿದೆ. ಎಲ್ಲ ಪರೀಕ್ಷೆ ಆಗಿದೆ. ತಕರಾರು ಯಾರದು?"

"ನಂದೇ."

"ತೆಗೀಬೇಕು ಅಂದವ್ರು ಯಾರು?"

"ಅದೂ ನಾನೇ ಕಣೆ."

ಆ ಕಡೆ ಮರ ಕಡೆಯುವ ಯಂತ್ರದ ಸದ್ದು ಕೇಳುತ್ತಿತ್ತು. ಲತಾಮಣಿ ಹುಚ್ಚಯ್ಯನ ಟವೆಲಿನ ಸುದ್ದಿಗೆ ಬರುವಾಗ ಆ ಸದ್ದು ನಿಂತಿತು. ಸಮದ್ ಸಾಹೇಬರು ಮಗಳ ಮುಖ ನೋಡಿ ತಾವಾಗಿಯೇ ಯಂತ್ರ ನಿಲ್ಲಿಸಿದ್ದರು.

"ಬರೀರಿ ಅಕ್ಕ," ಎಂದಳು ಸುಹಾನಾ ಮೆಲ್ಲಗೆ. "ಎಲ್ಲರಿಗೂ ಕಾಣೋ ಹಾಗೆ ಬರೀರಿ. ಮಧ್ಯಾಹ್ನ ಎಲ್ಲರನ್ನೂ ಕರೆಸ್ತೀನಿ. ಆದ್ರೆ ನಿಯಮ ನಿಮಗೆ ಗೊತ್ತಲ್ಲ, ಪಾಲಕರು ಯಾರು ಅಂತ ಕೇಳ್ತಾರೆ."

ಲತಾಮಣಿ ಬರೆದಳು: 'ಈ ಭಾಗವನ್ನು ತೆಗೆಯಬೇಕು ಎಂದವಳು ನಾನು. ತೆಗೆಯಬಾರದು ಎನ್ನುತ್ತಿರುವವಳೂ ನಾನೇ. ಬಳಸುವವರು ಸಿಕ್ಕಿದ್ದಾರೆ. ನಮ್ಮ ಬೀದಿಯಲ್ಲೇ ಇದ್ದಾರೆ.' ಇಷ್ಟು ವರ್ಷ ಕೂಡಿಟ್ಟ ನಂಬಿಕೆ ಇದರಿಂದ ಹೋಗಬಹುದು ಎಂದು ಅವಳಿಗೆ ಗೊತ್ತಿತ್ತು. ಜಾಲಾಡಿದ್ದೇನೆ ಎಂದು ಹೇಳಿದವಳ ಮಾತನ್ನು ಇನ್ನು ಯಾರು ನೆಚ್ಚುತ್ತಾರೆ?

ಮಧ್ಯಾಹ್ನ ಕಂಪ್ಯೂಟರಿನ ಪರದೆಯಲ್ಲಿ ಒಂದೊಂದೇ ಮುಖ ಮೂಡಿತು. ದೇವರಾಜ್ ಇಸ್ತ್ರಿ ಅಂಗಿ ಹಾಕಿಕೊಂಡು ಬಂದು, ಕ್ಯಾಮೆರಾಕ್ಕೆ ಬೀಳದ ಹಾಗೆ ಅವಳ ಪಕ್ಕದ ಗೋಡೆಗೆ ಒರಗಿ ನಿಂತಿದ್ದ. ಸರಸಮ್ಮ ಅಡುಗೆಮನೆಯ ಹೊಸ್ತಿಲಲ್ಲಿ ಕಾಲು ಚಾಚಿ ಕೂತಿದ್ದರು.

"ಒಂದು ಹಾಲಿನ ಡೈರಿಗಾಗಿ ಬಿಡುಗಡೆ ನಿಲ್ಲಿಸುವುದೇ?" ಎಂದ ಪರದೆಯಲ್ಲಿದ್ದ ಒಬ್ಬ ಯುವಕ. ಒರಟಾಗಿ ಕೇಳಲಿಲ್ಲ, ಕೇಳಲೇಬೇಕಾದ ಪ್ರಶ್ನೆ ಅದು.

"ಒಂದೇ ಅಂತ ನನಗೆ ಗೊತ್ತಿಲ್ಲ," ಎಂದಳು ಲತಾಮಣಿ. "ಇದು ಇರುವುದೂ ಗೊತ್ತಿರಲಿಲ್ಲ. ಜನ ಎಲ್ಲರಿಗೂ ಕಾಣುವಂತೆ ಇಟ್ಟದ್ದನ್ನು ಮಾತ್ರ ನಾವು ಜಾಲಾಡಿದೆವು. ಇಡದವರನ್ನು ಇಲ್ಲ ಎಂದುಕೊಂಡೆವು."

ಮಾರೆಕ್ ಮಾತಾಡಿರಲಿಲ್ಲ. ಬಿಳಿ ಹುಬ್ಬಿನ, ಅಗಲ ಮುಖದ ಮುದುಕರು. "ಆ ಯಂತ್ರ ಮಾತಾಡುವುದನ್ನು ಕೇಳಬಹುದೇ?" ಎಂದರು.

ದೇವರಾಜ್ ಬೆಳಿಗ್ಗೆ ಅವಳು ಹೋದಮೇಲೆ ಚಲುವಯ್ಯನ ಮೊಬೈಲಿನಲ್ಲಿ ಹಿಂದೆಂದೋ ತೆಗೆದಿದ್ದ ವಿಡಿಯೋ ಹುಡುಕಿ ತಂದಿದ್ದ. ಲತಾಮಣಿ ಅದನ್ನು ಹಾಕಿದಳು. ಹಾಲು ಸುರಿಯುವ ಸದ್ದು. ಹುಚ್ಚಯ್ಯನ ಹೆಸರು. ಲೆಕ್ಕ. ಆಮೇಲೆ ಅವರೆಲ್ಲರೂ ಸೇರಿ ಒಪ್ಪಿದ್ದ ಆ ಎರಡು ವಾಕ್ಯ, ಸೋಲೂರು ಸೀಮೆಯ ಒಂದು ಡೈರಿಯ ಒಳಗಿನಿಂದ. ಪರದೆಯಲ್ಲಿ ಯಾರೋ ಬಾಯಿಯ ಮೇಲೆ ಕೈ ಇಟ್ಟುಕೊಂಡರು. ಸುಹಾನಾ ವಿಷಯ ಗೊತ್ತಿದ್ದವಳಾದರೂ ಕಣ್ಣು ಮುಚ್ಚಿಕೊಂಡಳು.

ಕೊನೆಯಲ್ಲಿ ಹುಚ್ಚಯ್ಯನ ದನಿ ಬಂತು.

"ಅವರು ಏನೆಂದರು?" ಎಂದು ಮಾರೆಕ್ ಕೇಳಿದರು.

"ಯಂತ್ರಕ್ಕೆ ಉತ್ತರ ಕೊಡುತ್ತಾರೆ. ದಿನಾ ಕೊಡುತ್ತಾರಂತೆ," ಎಂದು ಲತಾಮಣಿ ಇಂಗ್ಲಿಷಿನಲ್ಲಿ ಹೇಳತೊಡಗಿದಳು. "ಆಗಲಿ ತಾಯಿ, ನಾಳೆಯೂ ಬರುತ್ತೇನೆ ಎನ್ನುತ್ತಾರೆ." ಹೇಳುತ್ತ ಹೇಳುತ್ತ ಅವಳ ನಾಲಿಗೆ ನಿಂತಿತು. ಬೆಳಿಗ್ಗೆಯಿಂದ ಅವಳು ಆ ಮಾತನ್ನು ಎಷ್ಟೋ ಸಲ ಮನಸ್ಸಿನಲ್ಲಿ ಕೇಳಿಸಿಕೊಂಡಿದ್ದಳು. ಅದು ಏನೆಂದು ಈಗ ಹೊಳೆಯಿತು.

ಮಾರೆಕ್ ಕನ್ನಡಕ ತೆಗೆದರು. "ಬಳಸುತ್ತಿದ್ದೀರಾ ಎಂದು ನಾವು ಕೇಳಿದೆವು. ನಾಳೆಯೂ ಬರುತ್ತೇನೆ ಎಂದರು. ಉತ್ತರ ಬಂದಿದೆಯಲ್ಲ ಲತಾ. ವರ್ಷಪೂರ್ತಿ ದಿನವೂ ಬಂದಿದೆ. ಕೇಳಿಸಿಕೊಳ್ಳಲು ನಾವು ಅಲ್ಲಿರಲಿಲ್ಲ."

ಮೊದಲು ಕೇಳಿದ ಆ ಯುವಕನೇ, "ನಾನು ನನ್ನ ಪ್ರಶ್ನೆ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ," ಎಂದ.

"ಪಾಲಕ ನಾನೇ ಆಗುತ್ತೇನೆ. ಇನ್ನೊಂದು ವರ್ಷ ನೋಡಿಕೊಳ್ಳಬಲ್ಲೆ," ಎಂದರು ಮಾರೆಕ್. ಮಾತಾಡುವಾಗ ಅವರ ಕೈಯಲ್ಲಿದ್ದ ಕನ್ನಡಕ ನಡುಗುತ್ತಿರುವುದು ಪರದೆಯಲ್ಲಿ ಎಲ್ಲರಿಗೂ ಕಾಣುತ್ತಿತ್ತು.

ಲತಾಮಣಿಗೆ ಸಂಕಟವಾಯಿತು. ಒಬ್ಬ ಮುದುಕರ ಭಾರ ಇಳಿಸಲು ಹೋಗಿ ಇನ್ನೊಬ್ಬರ ಕಿವಿ ಕಿತ್ತುಕೊಳ್ಳಲು ಹೊರಟಿದ್ದಾಯಿತು. ಈಗ ಇವರ ಕಿವಿ ಉಳಿಸಲು ಅವರ ತಲೆಯ ಮೇಲೆಯೇ ಮತ್ತೆ ಹೊರಿಸುವುದೆ? ಅವಳು ಪಕ್ಕಕ್ಕೆ ತಿರುಗಿದಳು. ದೇವರಾಜ್ ಗೋಡೆಯೊಳಕ್ಕೆ ಹೋಗುವವನ ಹಾಗೆ ಇನ್ನೂ ಒತ್ತಿ ನಿಂತ.

"ನಂಗಾಗಕಿಲ್ಲ ಅಕ್ಕ," ಎಂದ ಪಿಸುದನಿಯಲ್ಲಿ. "ನನ್ ಇಂಗ್ಲಿಷ್ ಕೇಳಿ ನಗ್ತಾರೆ. ಏನಾರ ಕೆಡಿಸ್ಬುಟ್ರೆ?"

"ನಾನು ಕೆಡಿಸಿಲ್ವೇನಪ್ಪ? ಇಷ್ಟು ಓದಿ, ಇಷ್ಟು ಜಾಲಾಡಿ? ನೀನು ಬರೆದದ್ದನ್ನ ನಾನು ತಿದ್ದುತೀನಿ. ಒಬ್ಬರದೇ ತಪ್ಪು ಇಲ್ಲಿ ಒಳಕ್ಕೆ ಹೋಗಲ್ಲ. ಈ ಸಲ ಹೋದದ್ದು ನಮ್ಮೆಲ್ಲರದೂ."

"ಓಗ್ಲಾ ದೇವರಾಜ," ಎಂದರು ಹೊಸ್ತಿಲಿನಿಂದ ಸರಸಮ್ಮ. "ಆವಯ್ಯನ ಕೈ ನೋಡ್ದಾ? ನಮ್ಮಪ್ಪಂಗೂ ಇಂಗೇ ನಡುಗ್ತಿತ್ತು. ತಟ್ಟೆ ಇಡ್ಕಳಕ್ಕೆ ಯಾರಾರ ಬೇಕು ಕಣ್ ಮಗ."

ದೇವರಾಜ್ ಬಂದು ಕುರ್ಚಿಯ ಅಂಚಿನಲ್ಲಿ ಕೂತ. ಕ್ಯಾಮೆರಾ ನೋಡಿ, ಎಲ್ಲಿ ನೋಡಬೇಕೆಂದು ತಿಳಿಯದೆ, ಕೈ ಮುಗಿದ. ತಡವರಿಸಿಕೊಂಡು ಇಂಗ್ಲಿಷಿನಲ್ಲಿ ಹೇಳಿದ: ಸರ್, ನಾನು ನೋಡಿಕೊಳ್ಳುತ್ತೇನೆ, ನನ್ನ ಇಂಗ್ಲಿಷ್ ಚೆನ್ನಾಗಿಲ್ಲ.

"ನಾನೂ ರೇಡಿಯೋ ಕೇಳಿಯೇ ಇಂಗ್ಲಿಷ್ ಕಲಿತದ್ದು," ಎಂದರು ಮಾರೆಕ್. ಅವನಿಗೆ ಅರ್ಥವಾಗಲಿ ಎಂದು ಮಾತನ್ನು ಬಿಡಿಸಿ ಬಿಡಿಸಿ ಆಡಿದರು. "ವಾರಕ್ಕೊಮ್ಮೆ ಕೂತು ಕಲಿಸುತ್ತೇನೆ. ಹೇಳಲು ಕೈ ಬೇಕಾಗಿಲ್ಲ."

ಸುಹಾನಾ, ಬಿಡುಗಡೆಯನ್ನು ಶನಿವಾರಕ್ಕೆ ಮುಂದೂಡಿದೆ ಎಂದಳು. ಪಾಲಕರು ಎಂಬಲ್ಲಿ ಮಾರೆಕ್‌ರ ಹೆಸರು ಅಳಿಸಿ ದೇವರಾಜನ ಹೆಸರು ಬಂತು. ಭಾಗ ಉಳಿದಮೇಲೆ ಎಚ್ಚರಿಕೆಗೆ ಕೆಲಸವಿಲ್ಲವಲ್ಲ. ಆ ಎರಡು ವಾಕ್ಯಗಳನ್ನು ಲತಾಮಣಿಯೇ ತೆಗೆದಳು. ತಿದ್ದಿ ಒಪ್ಪಿದವರು ಮಾರೆಕ್.

ಮುಂದಿನ ಭಾನುವಾರ ಸರಸಮ್ಮನ ಕಾಲಿನ ಬಾವು ಇಳಿದಿದ್ದರೂ ಕ್ಯಾನು ತೆಗೆದುಕೊಂಡು ಹೋದವಳು ಲತಾಮಣಿ. ಹಿಂದಿನ ಸಂಜೆ ಬಿಡುಗಡೆಯಾದ ಹೊಸ ಆವೃತ್ತಿಯನ್ನು ಹಳೇ ಕಂಪ್ಯೂಟರು ಅಂದು ಬೆಳಗಿನ ಜಾವ ತಾನೇ ಇಳಿಸಿಕೊಂಡಿತ್ತು. ದೇವರಾಜ್ ಮೇಜಿನ ಬಳಿಯೇ ಉಗುರು ಕಚ್ಚುತ್ತ ನಿಂತಿದ್ದ. ಹುಚ್ಚಯ್ಯ ಅವಳ ಮುಂದೆಯೇ ಇದ್ದರು.

ಸ್ಪೀಕರು ಕೆಮ್ಮಿತು. "ಹುಚ್ಚಯ್ಯ. ಮೂರು ಲೀಟರ್ ನೂರು. ಫ್ಯಾಟ್ ನಾಲ್ಕು ಪಾಯಿಂಟ್ ಎರಡು."

ದೇವರಾಜ್ ಉಸಿರು ಬಿಟ್ಟ. ಹುಚ್ಚಯ್ಯ ಟವೆಲನ್ನು ಕಂಕುಳಿಗೆ ಇಟ್ಟುಕೊಂಡು ಕಾದರು. ಇನ್ನೂ ಒಂದಿಷ್ಟು ಕಾದರು. ಸ್ಪೀಕರು ಸುಮ್ಮನಿತ್ತು. ಚಲುವಯ್ಯ ಮುಂದಿನವರನ್ನು ಕರೆಯಲು ಬಾಯಿ ತೆರೆದವನು ಮುದುಕರ ಮುಖ ನೋಡಿ ಮುಚ್ಚಿಕೊಂಡ. ಸಾಲಿನಲ್ಲೂ ಯಾರೂ ಟ್ಯಾಂಕರಿನ ಸುದ್ದಿ ಎತ್ತಲಿಲ್ಲ.

"ಯಾಕವ್ವ?" ಎಂದರು ಹುಚ್ಚಯ್ಯ ಸ್ಪೀಕರಿನತ್ತ ಬಾಗಿ. "ಏನಾರ ತಪ್ಪು ಮಾಡಿದ್ನಾ?"

ಲತಾಮಣಿ ಕ್ಯಾನನ್ನು ಸದ್ದಾಗದಂತೆ ನೆಲಕ್ಕಿಟ್ಟಳು. ಅವರ ಬೆನ್ನ ಹಿಂದೆ ನಿಂತು, ನಿಧಾನವಾಗಿ, ಒಂದೊಂದೇ ಮಾತಾಗಿ ಹೇಳಿದಳು: "ಇಫ್ ಯೂ ಸ್ಟಿಲ್ ಯೂಸ್ ಇಟ್, ಪ್ಲೀಸ್ ಟೆಲ್ ಅಸ್."

ಹುಚ್ಚಯ್ಯನ ಮುಖ ಸಡಿಲವಾಯಿತು. "ಆಗ್ಲಿ ಕಣವ್ವ, ನಾಳೀಕೂ ಬತ್ತೀನಿ," ಎಂದು ಟವೆಲು ಹೆಗಲಿಗೆ ಹಾಕಿಕೊಂಡು, ಕ್ಯಾನಿಗಾಗಿ ತಡಕಾಡಿದರು. ಚಲುವಯ್ಯ ಅದನ್ನು ಅವರ ಕೈಗೇ ಇಟ್ಟ. ಬಾಗಿಲು ದಾಟುವಾಗ ಅವರು ದೇವರಾಜನ ತೋಳು ಹಿಡಿದು ನಿಲ್ಲಿಸಿದರು.

"ಗಂಟ್ಲು ಕಟ್ಟೈತಲ್ಲೋ ಪ್ಲೀಸಮ್ಮಂಗೆ," ಎಂದರು. "ಸೀತ ಆಗಿರ್ಬೇಕು. ಒಸಿ ನೋಡ್ಕಳ್ಲಾ."